ಸುಟ್ಟ ಗ್ಯಾಸಿಗೆ ಅರಿಶಿನ ಕುಂಕುಮ

"ಹಿಂದ ಸರೀರಿ, ಬಾಯಾರ. ಇನ್ನೊಂದೀಟು ಹಿಂದ."

ರಾಮಪ್ಪನಿಗೆ ಹೇಳುವುದು ಸುಲಭ. ಧಾರಾವಿಯ ಅವನ ವರ್ಕ್‌ಶಾಪಿನ ಮಾಳಿಗೆಯಲ್ಲಿ ಇನ್ನೊಂದು ಹೆಜ್ಜೆ ಹಿಂದಿಟ್ಟರೆ ಪಕ್ಕದ ಚರ್ಮದಂಗಡಿಯ ತಗಡಿನ ಮೇಲೆ ಬೀಳಬೇಕು. ವಿನೋದಿನಿ ಕರ್ಕೇರ ನೀರಿನ ಟಾಕಿಗೆ ಬೆನ್ನು ಹಚ್ಚಿ ನಿಂತಳು. ಪಕ್ಕದಲ್ಲಿ ಶಿವಕುಮಾರಿ, ಸೆರಗನ್ನು ಬಾಯಿಗೆ ಒತ್ತಿಕೊಂಡು.

ಮಾಳಿಗೆಯ ನಡುವೆ ಒಂದು ಸಿಲಿಂಡರ್. ಬೂದು ಮೈ, ಹಳದಿ ತಲೆ. ಫ್ರಿಜ್ಜು, ಏಸಿಗಳೊಳಗಿನ ಹಳೆಯ ಗ್ಯಾಸನ್ನು ಎಳೆದು ತುಂಬಿಕೊಳ್ಳುವುದಕ್ಕೆಂದೇ ಇರುವಂಥದ್ದು. ಅದರ ಬಾಯಿಗೆ ಸಣ್ಣ ಪೈಪು. ಪೈಪಿನ ಎದುರಿಗೆ, ಉದ್ದನೆಯ ಕೋಲಿನ ತುದಿಗೆ ಸುತ್ತಿ ಹಚ್ಚಿದ ಚಿಂದಿ. ಎರಡು ಬಕೆಟ್ ನೀರು, ಒಂದು ಬುಟ್ಟಿ ಮರಳು.

"ಫ್ರಿಜ್ ತಣ್ಣಗ ಮಾಡೋ ಒನ್ ಥರ್ಟಿಫೋರ್ ಗ್ಯಾಸ್ ಹತ್ತಂಗಿಲ್ರಿ," ಎಂದ ರಾಮಪ್ಪ. "ನಲವತ್ತು ವರ್ಷ ಆತು ಫ್ರಿಜ್ಜಿನ ಕೆಲಸ ಮಾಡ್ಲಿಕತ್ತು. ಬೆಂಕಿ ಮ್ಯಾಲ ಬಿಟ್ರ ಬೆಂಕೀನೇ ಆರ್ತದ. ಒಳಗ ಇರೂದು ಖರೇನ ಅದೇ ಇದ್ರ ಈ ಚಿಂದಿ ಆರಬೇಕು. ನೋಡ್ರಿ ಮತ್ತ."

ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದ.

ಚಿಂದಿ ಆರಲಿಲ್ಲ. ಭಗ್ಗೆಂದು ಎರಡು ಮೊಳ ಉದ್ದದ ಬೆಂಕಿ ಎದ್ದು ರಾಮಪ್ಪನ ಕೋಲನ್ನೇ ನೆಕ್ಕಿತು. ಶಿವಕುಮಾರಿ ಚೀರಿದಳು. ರಾಮಪ್ಪ ಗಡಬಡಿಸಿ ವಾಲ್ವು ಮುಚ್ಚಿ, ಕೋಲನ್ನು ಬಕೆಟ್ಟಿಗೆ ಅದ್ದಿ, ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಮಾಳಿಗೆಯ ತುಂಬ ಅಡುಗೆ ಗ್ಯಾಸಿನ ಕೊಳೆತ ವಾಸನೆ.

"ಹಲ್ಕಟ್ ಮಕ್ಕಳು," ಎಂದ ಅವನು. "ಅಡಿಗಿ ಗ್ಯಾಸ್ ಬೆರಸ್ಯಾರ್ರಿ ಇದ್ರಾಗ. ಇಂಥಾದ್ರ ಮುಂದ ಪೈಪ್ ಬೆಸಿಯೂ ಟಾರ್ಚ್ ಹಚ್ಚಿದ್ರ ಯಾವ ಮಿಸ್ತ್ರಿ ಉಳೀತಾನ?"

ಐದು ದಿನದ ಹಿಂದೆ ಹಾಗೆ ಟಾರ್ಚ್ ಹಚ್ಚಿದ್ದ ಮಿಸ್ತ್ರಿ ಈಶ್ವರ, ಈ ಶಿವಕುಮಾರಿಯ ಗಂಡ. ಸಯನ್‌ನಲ್ಲಿ ಸುಕೇಶ್ ಹೆಗ್ಡೆಯ ಹೋಟೆಲಿನ ಕೋಲ್ಡ್ ರೂಮಿನ ಪೈಪು ಬೆಸೆಯಲು ಹೋಗಿ ಮೈ ಸುಟ್ಟುಕೊಂಡು ಅಲ್ಲೇ ಸಯನ್‌ನ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದ. ಪಕ್ಕದಲ್ಲೇ ಒಗ್ಗರಣೆ ಹಾಕುತ್ತಿದ್ದ ಅಡುಗೆಯ ಅಣವೀರಪ್ಪ ಸತ್ತೇ ಹೋಗಿದ್ದ.

ಪೊಲೀಸರು ಏನು ಬರೆದುಕೊಂಡರು? ಮಿಸ್ತ್ರಿಯ ನಿರ್ಲಕ್ಷ್ಯ. ಒಳಗಿನ ಗ್ಯಾಸನ್ನು ಕೋಣೆಯಲ್ಲೇ ಬಿಟ್ಟ, ಅಡುಗೆಮನೆಯ ಸಿಲಿಂಡರ್ ಸೋರುತ್ತಿದ್ದುದನ್ನು ನೋಡಲಿಲ್ಲ, ಟಾರ್ಚ್ ಹಚ್ಚಿದ. ಮುಗಿಯಿತು. ಗಾಯದ ಕಟ್ಟು ಬಿಚ್ಚುವ ದಿನವೇ ಕೈಗೆ ಕೋಳ ಬೀಳುವುದಿತ್ತು. ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಜನ!

ವಿನೋದಿನಿಗೆ ಮೈಯೆಲ್ಲ ಉರಿದುಹೋಯಿತು. ಪತ್ತೇದಾರಿಕೆಗೆ ಇಳಿಯುವ ಮೊದಲು ಹದಿನಾರು ವರ್ಷ ವಿಮಾ ಕಂಪೆನಿಗೆ ಬೆಂಕಿ ಅನಾಹುತಗಳ ತನಿಖೆ ಮಾಡಿದವಳು ಅವಳು. ಸುಟ್ಟ ಗೋದಾಮು, ಸುಟ್ಟ ಗಿರಣಿ, ಸುಟ್ಟ ಮನುಷ್ಯರು, ಎಲ್ಲ ನೋಡಿದ್ದಳು. ಪ್ರತಿ ಸಲವೂ ತಪ್ಪು ಕೊನೆಗೆ ಕೂಲಿಯವನ ತಲೆಗೇ ಬಂದು ಕೂರುವುದನ್ನೂ ನೋಡಿದ್ದಳು. ಆ ಕೆಲಸ ಬಿಟ್ಟದ್ದೇ ಅದಕ್ಕೆ.

"ನನ ಗಂಡ ಗಾಳಿಗಿ ಗ್ಯಾಸ್ ಬಿಡಂಗಿಲ್ಲಂತ ಮೊದ್ಲೇ ಹೇಳಿದ್ನಲ್ರಿ ಅಕ್ಕಾರ," ಎಂದಳು ಶಿವಕುಮಾರಿ. "ಊರ ಮಂದಿ ಎಲ್ಲಾ ಬಿಡ್ತಾರ. ವಾಲ್ವ್ ತೆರದು ಫುಸ್ ಅನಿಸಿ ಮನಿಗಿ ಹೋಗ್ತಾರ. ಇವ್ರು ಒಬ್ರೇ ತಾಸಗಟ್ಲೆ ಕುಂತು ಸಿಲಿಂಡರಿಗಿ ತುಂಬ್ಕೊಂಡು ಬರ್ತಿದ್ರು. ಹುಚ್ಚ ಈಶ್ವರ ಅಂತ ಹೆಸರಿಟ್ಟಿದ್ರು ಮಂದಿ."

ಆ ಹುಚ್ಚಿನಿಂದಲೇ ಈ ಸಿಲಿಂಡರ್ ಉಳಿದದ್ದು. ಟಾರ್ಚ್ ಹಚ್ಚುವ ಮೊದಲು ಕೋಲ್ಡ್ ರೂಮಿನ ಗ್ಯಾಸನ್ನೆಲ್ಲ ಎಳೆದು ಇದಕ್ಕೆ ತುಂಬಿ, ಬಿಸಿ ತಾಗದಿರಲಿ ಎಂದು ಹಿಂದಿನ ಗಲ್ಲಿಯ ನೆರಳಿನಲ್ಲಿ ಇಟ್ಟುಬಂದಿದ್ದ. ಪಂಚನಾಮೆಗೆ ಬಂದವರು ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪಾತ್ರೆ ತೊಳೆಯುವ ದೇವಕ್ಕ ಗೋಣಿಚೀಲ ಮುಚ್ಚಿ ಜೋಪಾನ ಮಾಡಿದ್ದಳು.

ಎಳೆದರೂ ಪೈಪಿನೊಳಗಿನ ಎಣ್ಣೆಯಲ್ಲಿ ಒಂದಿಷ್ಟು ಗ್ಯಾಸು ಉಳಿದೇ ಉಳಿಯುತ್ತದೆ. ಒಳ್ಳೆಯ ಗ್ಯಾಸಾದರೆ ಚಿಂತೆಯಿಲ್ಲ, ಹತ್ತುವುದಿಲ್ಲ. ಇದು ಹತ್ತಿತ್ತು.

ರಾಮಪ್ಪ ಸಿಲಿಂಡರಿನ ಮಗ್ಗುಲು ತಿರುಗಿಸಿದ. ಅಲ್ಲೊಂದು ಬಟ್ಟೆಯ ಪಟ್ಟಿ ಅಂಟಿಸಿತ್ತು. ಅದರ ಮೇಲೆ ಬಾಲ್‌ಪೆನ್ನಿನ ಬರಹ.

"ಅವ್ರ ಅಕ್ಷರನ ಅದ," ಎಂದು ಶಿವಕುಮಾರಿ ಬಗ್ಗಿದಳು. "ಎಲ್ಲಿಂದ ತೆಗದೆ, ಎಷ್ಟು ತೆಗದೆ, ಎಲ್ಲಾ ಬರೀತಾರ್ರಿ. ಹೆಸರಿಲ್ಲದ ಗ್ಯಾಸ್ ವಿಷ ಅಂತಿದ್ರು."

ವಿನೋದಿನಿ ಕನ್ನಡಕ ಏರಿಸಿ ಓದಿದಳು. 'ಹೆಗ್ಡೆ ಹೋಟೆಲ್, ಕೋಲ್ಡ್ ರೂಮ್. 134. ತೆಗೆದದ್ದು ಆರೂವರೆ ಕೆಜಿ. ಹೋಟೆಲಿನ ಸರ್ವಿಸ್ ಕಾರ್ಡಿನ ಪ್ರಕಾರ ಹಿಂದಿನ ತಿಂಗಳು ತುಂಬಿದವರು ರಮಾನಾಥ ಸೇಟ್ ಕಡೆಯವರು, ಸಿಲಿಂಡರ್ 23.'

ಕೆಳಗೆ ಇನ್ನೊಂದು ಸಾಲು. ಅದನ್ನು ಪೆನ್ನು ಒತ್ತಿ ಬರೆದಿದ್ದ. 'ನನ್ನ 23? ಸುಟ್ಟೀವಿ ಅಂದಿದ್ರಲ್ಲ?'

"ನನ್ನ 23 ಅಂದರೆ?" ಎಂದು ಕೇಳಿದಳು ವಿನೋದಿನಿ.

ಶಿವಕುಮಾರಿಗೆ ಥಟ್ಟನೆ ಗೊತ್ತಾಯಿತು. "ವಿಕ್ರೋಳಿದು ಅಕ್ಕಾರ! ಜುಲೈದಾಗ ಗಾಜಿನ ಬಿಲ್ಡಿಂಗಿನ್ಯಾಗ ಹಳೇ ಏಸಿ ಪ್ಲಾಂಟ್ ಬಿಚ್ಚಿದ್ರು. ಹನ್ನೊಂದು ದಿನ ಅಲ್ಲೇ ಕುಂತು ಗ್ಯಾಸ್ ಎಳದಾರ. ಇಪ್ಪತ್ನಾಕು ಸಿಲಿಂಡರ್. ಬಿಳಿ ಪೇಂಟ್ ತಗೊಂಡು ನಂಬರ್ ತಾವೇ ಬರದಾರ. ಇದನ್ನ ಸುಡಬ್ಯಾಡ್ರಿ, ತೊಳದು ಸೋಸಿದ್ರ ಹೊಸಾದೇ ಆಗ್ತದ, ಈ ಗ್ಯಾಸಿಗಿ ಮುಪ್ಪಿಲ್ಲ ಅಂತ ಆ ಸಾಹೇಬರ ಮುಂದ ಎಷ್ಟ್ ಬಡಕೊಂಡ್ರು! ಅವ್ರು ಕೇಳ್ಲಿಲ್ಲ. ಸುಟ್ಟ ಸರ್ಟಿಫಿಕೇಟ್ ಬೇಕಂತ. ಗ್ಯಾಸ್ ಯಾಪಾರದ ರಮಾನಾಥ ಸೇಟ್ರು ಸುಡ್ತೀನಂತ ಒಯ್ದ್ರು."

ಅವಳು ಆ ಪಟ್ಟಿಯ ಮೇಲೆ ಬೆರಳಿಟ್ಟಳು. ಮುಖ ಕಪ್ಪಿಟ್ಟಿತು.

"ತಾವೇ ತುಂಬಿದ ಗ್ಯಾಸು ಅಂತ ನಂಬ್ಯಾರ್ರಿ," ಎಂದಳು. "23 ಅಂತ ಕಾರ್ಡಿನ್ಯಾಗ ಕಂಡದ. ಇದು ನಂದು, ಚೊಕ್ಕ ಅದ, ಇದಕ್ಕ ಬೆಂಕಿ ಹತ್ತಂಗಿಲ್ಲ ಅಂತ ಧೈರ್ಯ ಮಾಡಿ ಟಾರ್ಚ್ ಹಚ್ಚ್ಯಾರ. ಇಲ್ಲಂದ್ರ ಅಡಿಗಿ ವಾಸನಿ ಬಂದಾಗ ಅವ್ರು ಬಿಡ್ತಿದ್ರೇನ್ರಿ?"

ವಾಸನೆ ಬಂದೇ ಇರುತ್ತದೆ. ಅಡುಗೆಮನೆಯ ಪಕ್ಕದಲ್ಲಿ ಅಡುಗೆ ಗ್ಯಾಸಿನ ವಾಸನೆಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಎಲ್ಲೋ ಒಲೆ ಸೋರಿತು ಅಂದುಕೊಂಡು, ಕಿಟಕಿ ತೆರೆಸಿ ಕೆಲಸಕ್ಕೆ ಕೂತಿದ್ದ ಪಾಪ. ತನ್ನ ಕೈಯಾರೆ ತುಂಬಿದ್ದೇ ತನ್ನನ್ನು ಸುಟ್ಟೀತು ಎಂದು ಯಾವ ಮನುಷ್ಯ ಎಣಿಸುತ್ತಾನೆ?

"ನೀ ನರ್ಸಿಂಗ್ ಹೋಮಿಗೆ ಹೋಗು ಶಿವಕುಮಾರಿ. ಗಂಡನ ಪಕ್ಕ ಬಿಟ್ಟು ಏಳಬೇಡ," ಎಂದಳು ವಿನೋದಿನಿ. "ರಾಮಪ್ಪ, ಇದನ್ನು ಒಳಗಿಟ್ಟು ಬೀಗ ಹಾಕು. ಯಾರು ಕೇಳಿದರೂ ಗೊತ್ತಿಲ್ಲ ಅನ್ನು."

"ನೀವೆಲ್ಲಿ ಹೊಂಟ್ರಿ?"

"ವಿಕ್ರೋಳಿಗೆ. ಪೂಜೆ ಮಾಡಲಿಕ್ಕುಂಟು ಒಬ್ಬರಿಗೆ."

* * *

ಸಯನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎರಡು ಫೋನು ಮಾಡಿದಳು. ಮೊದಲನೆಯದು ಸುಕೇಶ್ ಹೆಗ್ಡೆಗೆ.

"ಅಕ್ಕ, ನನ್ನ ಹತ್ತಿರ ಎಂಥ ಕೇಳ್ತೀರಿ? ನಾನೇ ಅರ್ಧ ಸತ್ತಿದ್ದೇನೆ," ಎಂದು ಅವನು ಮೊದಲೇ ಗೋಳು ತೆಗೆದ.

"ಪೂರ್ತಿ ಸತ್ತವ ಅಣವೀರಪ್ಪ. ನೀನು ಇದ್ದೀಯಲ್ಲ, ಅದಕ್ಕೆ ಕೇಳುವುದು. ಹಿಂದಿನ ತಿಂಗಳು ಕೋಲ್ಡ್ ರೂಮಿಗೆ ರಮಾನಾಥಣ್ಣನ ಗ್ಯಾಸ್ ಹಾಕಿಸಿದ್ದು ಹೌದೋ ಅಲ್ಲವೋ?"

ಆ ಕಡೆ ಗ್ರೈಂಡರಿನ ಸದ್ದು ನಿಂತಿತು.

"ಹೌದು," ಎಂದ ಕೊನೆಗೆ. "ಕಡಿಮೆಗೆ ಆಗ್ತದೆ ಅಂದರು. ನಮ್ಮವರೇ ಅಲ್ವಾ ಅಂತ ಹಾಕಿಸಿದೆ."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಪ್ರೀತಮ್ ಬಂದಿದ್ದ. ರಮಾನಾಥಣ್ಣನ ಅಳಿಯ. ಗ್ಯಾಸಿನ ವಿಷಯ ಎತ್ತಬೇಡ, ಮಿಸ್ತ್ರಿದೇ ತಪ್ಪು ಅಂತ ಹೇಳು, ಹೋಟೆಲಿಗೆ ತೊಂದರೆ ಆಗದ ಹಾಗೆ ನೋಡಿಕೊಳ್ತೇವೆ ಅಂದ. ನನಗೂ ಹೆಂಡತಿ ಮಕ್ಕಳು ಉಂಟಲ್ಲ ಅಕ್ಕ."

"ಅಣವೀರಪ್ಪನಿಗೆ ಇರಲಿಲ್ಲವಾ? ಈಶ್ವರನಿಗೆ ಇಲ್ಲವಾ? ಥೂ, ನಿನ್ನ ಬಾಯಿಗೆ ಮಣ್ಣು ಹಾಕ!"

ಅಕ್ಕಪಕ್ಕದ ಹೆಂಗಸರು ತಿರುಗಿ ನೋಡಿದರು. ನೋಡಲಿ. ವಿನೋದಿನಿ ಎರಡನೆಯ ಫೋನು ಹಚ್ಚಿದಳು.

ಸೋನಾಲಿ ವಿಕ್ರೋಳಿಯ ಆ ಗಾಜಿನ ಕಟ್ಟಡದ ದೇಖರೇಖಿ ನೋಡುವ ಹುಡುಗಿ, ವಿಮಾ ಕೆಲಸದ ಕಾಲದ ಪರಿಚಯ. ವಿಷಯ ಕೇಳಿ ಹೆದರಿದಳು. ಆದರೆ ಮನುಷ್ಯತ್ವ ಉಳಿಸಿಕೊಂಡಿದ್ದಳು. ಟ್ರೇನು ಕುರ್ಲಾ ದಾಟುವುದರೊಳಗೆ ವಿನೋದಿನಿಯ ಮೊಬೈಲಿಗೆ ಸರ್ಟಿಫಿಕೇಟಿನ ಫೋಟೋ ಬಂದು ಬಿತ್ತು.

ಹಸಿರು ಎಲೆಯ ಚಿತ್ರ, ದೊಡ್ಡ ಮುದ್ರೆ. ಒಂದರಿಂದ ಇಪ್ಪತ್ನಾಲ್ಕರವರೆಗಿನ ಸಿಲಿಂಡರುಗಳ ಗ್ಯಾಸನ್ನು ಆಗಸ್ಟ್ ಇಪ್ಪತ್ತೆಂಟರಂದು ಕುಲುಮೆಯಲ್ಲಿ ಪೂರ್ತಿ ಸುಟ್ಟಿದೆ, ಖಾಲಿ ಸಿಲಿಂಡರುಗಳನ್ನು ಕತ್ತರಿಸಿ ಗುಜರಿಗೆ ಹಾಕಿದೆ. ಕೆಳಗೆ ರಮಾನಾಥನ ಸಹಿ.

ಇದು ಸುಳ್ಳು ಎಂದು ಈಶ್ವರನ ಬಟ್ಟೆಪಟ್ಟಿ ಹೇಳುತ್ತಿತ್ತು. ಆದರೆ ಆ ಪಟ್ಟಿಯನ್ನು ಯಾವ ಇನ್ಸ್‌ಪೆಕ್ಟರ್ ನಂಬುತ್ತಾನೆ? ಆರೋಪಿಯೇ ಬರೆದುಕೊಂಡದ್ದು ಎಂದು ಮೂಗು ಮುರಿಯುತ್ತಾನೆ. 23 ಎಂಬ ನಂಬರು ಊರಲ್ಲಿ ಒಂದೇ ಸಿಲಿಂಡರಿಗೆ ಇರುತ್ತದೆಯೇ ಎಂದು ಕೇಳುತ್ತಾನೆ. ಹೋಟೆಲಿನ ಕಾರ್ಡು ಸುಟ್ಟು ಬೂದಿಯಾಗಿದೆ. ಸುಕೇಶ ಠಾಣೆಯಲ್ಲಿ ಬಾಯಿ ಬಿಡುವ ಗಂಡಸಲ್ಲ.

ವಿದ್ಯಾವಿಹಾರ ಹೋಯಿತು. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಹೂ ಕಟ್ಟುತ್ತಿದ್ದಳು, ಚೆಂಡು ಹೂವು. ವಿನೋದಿನಿ ಅದನ್ನೇ ನೋಡುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಎದ್ದುಬಿಟ್ಟಳು.

ಆಯುಧಪೂಜೆ!

ಅಕ್ಟೋಬರಿನಲ್ಲಿ ಮುಂಬಯಿ ಕನ್ನಡಿಗರ ಬಳಗದ ವಾಟ್ಸಾಪಿಗೆ ಫೋಟೋಗಳ ಮಳೆಯೇ ಸುರಿದಿತ್ತು. ಒಬ್ಬೊಬ್ಬರದು ಒಂದೊಂದು ಕಾರು, ಗಲ್ಲಾಪೆಟ್ಟಿಗೆ, ಇಡ್ಲಿ ಸ್ಟ್ಯಾಂಡು. ಅವತ್ತು ಬೇಸರದಿಂದ ಮೊಬೈಲು ಮಗುಚಿ ಇಟ್ಟಿದ್ದಳು. ಬಳಗದ ಉಪಾಧ್ಯಕ್ಷ ರಮಾನಾಥಣ್ಣ ಬಿಟ್ಟಿರುತ್ತಾನೆಯೇ? ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದಳು. ಹುಟ್ಟುಹಬ್ಬ, ಶ್ರದ್ಧಾಂಜಲಿ, ಸುಪ್ರಭಾತ, ಶ್ರದ್ಧಾಂಜಲಿ. ಸಿಕ್ಕಿತು.

ರೇಷ್ಮೆ ಶಾಲು ಹೊದ್ದ ರಮಾನಾಥ ಆರತಿ ಹಿಡಿದು ನಿಂತಿದ್ದಾನೆ. ಮುಂದೆ ಕುಂಕುಮ ತುಂಬಿದ ಬೂದುಗುಂಬಳ. ಹಿಂದೆ ಸಾಲಾಗಿ ಹಳದಿ ತಲೆಯ ಸಿಲಿಂಡರುಗಳು, ಒಂದೊಂದಕ್ಕೂ ಗಂಧ, ಅರಿಶಿನ ಕುಂಕುಮ, ಚೆಂಡು ಹೂವಿನ ಮಾಲೆ. ಅವಳು ಚಿತ್ರವನ್ನು ಹಿಗ್ಗಿಸಿದಳು. ಮಾಲೆಯ ಕೆಳಗೆ ಬಿಳಿ ಪೇಂಟಿನ ಅಂಕಿಗಳು. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ಮೂರು. ಆ ಮೂರರ ಬಾಲವನ್ನು ಬಟ್ಟೆಪಟ್ಟಿಯಲ್ಲಿ ಅವಳು ಆಗಷ್ಟೇ ನೋಡಿ ಬಂದಿದ್ದಳು.

ಆಗಸ್ಟಿನಲ್ಲಿ ತುಂಡು ತುಂಡು ಮಾಡಿದ ಸಿಲಿಂಡರು ಅಕ್ಟೋಬರಿನಲ್ಲಿ ಇಡಿಯಾಗಿ ನಿಂತು ಆರತಿ ಮಾಡಿಸಿಕೊಂಡಿತ್ತು!

* * *

"ಬಾ ಬಾ ತಂಗಿ. ಎಂಥ ಬಿಸಿಲು ಮಾರಾಯ್ತಿ. ಕಾಫಿ ತರಿಸ್ತೇನೆ."

ವಿಕ್ರೋಳಿಯ ತನ್ನ ಆಫೀಸಿನಲ್ಲಿ ಕೂತಿದ್ದ ರಮಾನಾಥನಿಗೆ ಅರವತ್ತು ದಾಟಿತ್ತು. ಬಿಳಿ ಅಂಗಿ, ಹಣೆಗೆ ಗಂಧ. ಜೂನ್ ಬಂದರೆ ಬಡ ಮಕ್ಕಳಿಗೆ ಸ್ಕೂಲ್ ಬ್ಯಾಗು ಹಂಚುವವನು, ಸತ್ತವರ ಮನೆಗೆ ಮೊದಲು ಹೋಗುವವನು. ಇಂಥವನ ಮುಂದೆ ಸಿಟ್ಟು ಮಾಡಿದರೆ ಜನ ನಮಗೇ ಉಗಿಯುತ್ತಾರೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ.

"ಕಾಫಿ ಬೇಡ ರಮಾನಾಥಣ್ಣ. ಇಪ್ಪತ್ಮೂರನೇ ಸಿಲಿಂಡರ್ ಎಲ್ಲುಂಟು?"

"ಯಾವ ಇಪ್ಪತ್ಮೂರು?" ಎಂದ ಅವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕಣ್ಣು ಸೀದಾ ಕಿಟಕಿಯಾಚೆಗಿನ ಹಿಂದಿನ ಶೆಡ್ಡಿನ ಬಾಗಿಲಿಗೆ ಹೋಯಿತು.

"ಗಾಜಿನ ಬಿಲ್ಡಿಂಗಿನದು. ಈಶ್ವರ ತುಂಬಿದ್ದು."

"ಓ ಅದಾ! ಅದು ಸುಟ್ಟಾಯ್ತಲ್ಲ. ಸರ್ಟಿಫಿಕೇಟ್ ಉಂಟು. ಬೇಕಾದರೆ ಕಾಪಿ ಕೊಡ್ತೇನೆ."

"ನನ್ನ ಹತ್ತಿರ ಉಂಟು. ಸಿಲಿಂಡರ್ ಕತ್ತರಿಸಿದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ?"

"ನೋಡುವುದೆಂಥದು? ನಾನೇ ನಿಂತು ಮಾಡಿಸಿದ್ದು. ದೇವರಾಣೆ."

"ಆಗಸ್ಟ್ ಇಪ್ಪತ್ತೆಂಟಕ್ಕೆ?"

"ಆಗಸ್ಟ್ ಇಪ್ಪತ್ತೆಂಟಕ್ಕೆ."

"ಹಾಗಾದರೆ ನವರಾತ್ರಿಯಲ್ಲಿ ನೀವು ಅರಿಶಿನ ಕುಂಕುಮ ಹಚ್ಚಿದ್ದು ಯಾವುದಕ್ಕೆ? ಅದರ ಪ್ರೇತಕ್ಕಾ?"

ಮೊಬೈಲನ್ನು ಮೇಜಿನ ಮೇಲೆ ಇಟ್ಟು ಅವನ ಕಡೆಗೆ ತಳ್ಳಿದಳು. ರಮಾನಾಥ ಬಗ್ಗಿ ನೋಡಿದ. ಮೊದಲು ತನ್ನ ಮುಖ, ಆಮೇಲೆ ಶಾಲು, ಆಮೇಲೆ ಹಿಂದಿನ ಸಾಲು. ಅವನ ಹಣೆಯ ಗಂಧ ಬೆವರಿಗೆ ಕರಗತೊಡಗಿತು.

"ಆಯುಧಪೂಜೆ ದಿನ ಶೆಡ್ಡಿನಲ್ಲಿರುವ ಕಬ್ಬಿಣ ಒಂದನ್ನೂ ಪೂಜೆ ಇಲ್ಲದೆ ಬಿಡಬಾರದು ಅಂತ ಅಪ್ಪ ಹೇಳ್ತಿದ್ದರು," ಎಂದ ಮೆಲ್ಲಗೆ. "ಪ್ರೀತಮ್ ಬೇಡ ಅಂದ. ಹಿಂದಿನವು ಹಿಂದೆಯೇ ಇರಲಿ ಮಾವ, ಹೊರಗೆ ತರುವುದು ಬೇಡ ಅಂದ. ನಾನೇ ಬೈದು ತರಿಸಿದೆ. ಅನ್ನ ಕೊಡುವ ವಸ್ತು, ಕತ್ತಲೆಯಲ್ಲಿ ಇಟ್ಟರೆ ಶಾಪ ಅಂತ."

"ಕಳ್ಳತನ ಮಾಡುವಾಗ ಶಾಪದ ನೆನಪಾಗಲಿಲ್ಲ?"

"ಕಳ್ಳತನ ಎಂಥದ್ದು?" ರಮಾನಾಥ ಧ್ವನಿ ಏರಿಸಿದ. "ಕೇಳಿಲ್ಲಿ ವಿನೋದಿನಿ. ಈ ಮುಂಬಯಿಯಲ್ಲಿ ದಿನಕ್ಕೆ ಎಷ್ಟು ಏಸಿ ಬಿಚ್ಚುತ್ತಾರೆ ಗೊತ್ತುಂಟಾ? ಎಲ್ಲರೂ ಗಾಳಿಗೆ ಬಿಡುವುದೇ. ಒಬ್ಬ ಕೇಳುವವನಿಲ್ಲ. ಇನ್ನು ಆ ದೊಡ್ಡ ಆಫೀಸಿನವರು, ಒಳ್ಳೇ ಗ್ಯಾಸನ್ನು ಸುಡಿ ಅಂತಾರೆ. ಅವರಿಗೆ ಫೈಲಿನಲ್ಲಿ ಒಂದು ಹಸಿರು ಕಾಗದ ಬೇಕು, ಅಷ್ಟೇ. ಚಿನ್ನದಂಥ ಗ್ಯಾಸು ಮಾರಾಯ್ತಿ! ಸುಡಲಿಕ್ಕೆ ಕೈ ಬರ್ತದಾ? ನಾನು ಅದನ್ನು ನಾಲ್ಕು ಹೋಟೆಲಿಗೆ ಉಪಯೋಗ ಆಗುವ ಹಾಗೆ ಮಾಡಿದೆ. ಅದು ಪಾಪವಾ?"

ವಿನೋದಿನಿಯ ಸಿಟ್ಟು ನೆತ್ತಿಗೇರಿತು. ಅವಳು ಎದ್ದು ನಿಂತಳು.

"ಮರುಬಳಕೆ ಪಾಪ ಅಂತ ನಾನು ಯಾವಾಗ ಹೇಳಿದೆ? ಸುಡಬೇಡಿ, ತೊಳೆದು ಸೋಸಿ ಬಳಸಿ ಅಂತ ಬಾಯಿ ಒಣಗುವಷ್ಟು ಹೇಳಿದವನು ಆ ಈಶ್ವರ! ಅವನು ಹೇಳಿದ್ದು ಏನು? ಪರೀಕ್ಷೆ ಮಾಡಿ, ಒಳಗೇನಿದೆ ಅಂತ ಮೈಮೇಲೆ ಬರೆದು ಕೊಡಿ ಅಂತ. ನೀವು ಮಾಡಿದ್ದು ಏನು? ಸುಟ್ಟೆ ಅಂತ ಒಬ್ಬರಿಗೆ ಕಾಗದ ಕೊಟ್ಟಿರಿ. ಹೊಸತು ಅಂತ ಇನ್ನೊಬ್ಬರಿಗೆ ಮಾರಿದಿರಿ. ಸಾಲದು ಅಂತ ಅಡುಗೆ ಗ್ಯಾಸ್ ಸುರಿದು ಒಂದಕ್ಕೆ ಎರಡು ಮಾಡಿದಿರಿ. ಒಂದೇ ದನವನ್ನು ಮೂರು ಸಲ ಕರೆದಿರಿ. ಅಣವೀರಪ್ಪ ಸತ್ತ ರಮಾನಾಥಣ್ಣ! ಅವನ ಹೆಣ ನೋಡಲಿಕ್ಕೆ ಮೊದಲು ಹೋಗಿ ಹಾರ ಹಾಕಿದವರೂ ನೀವೇ ಅಲ್ವಾ?"

"ಅಡುಗೆ ಗ್ಯಾಸಾ?" ಎಂದ ರಮಾನಾಥ.

ಆ ಬೆರಗು ನಾಟಕವೋ ನಿಜವೋ, ವಿನೋದಿನಿಗೆ ತಕ್ಷಣ ತಿಳಿಯಲಿಲ್ಲ. ಹದಿನಾರು ವರ್ಷ ಸುಳ್ಳುಗಾರರ ಎದುರು ಕೂತವಳು ಅವಳು. ಈ ಮುಖದಲ್ಲಿ ಭಯ ಹೊಸದಾಗಿ ಬಂದಂತಿತ್ತು.

"ಧಾರಾವಿಯಲ್ಲಿ ಹಚ್ಚಿ ನೋಡಿ ಬಂದಿದ್ದೇನೆ. ಭಗ್ಗಂತ ಹತ್ತಿತು."

"ಸಾಧ್ಯ ಇಲ್ಲ. ನಾನು ಮಾರಿದ್ದು ಹೌದು. ಕಾಗದ ಸುಳ್ಳು, ಒಪ್ಪಿದೆ. ಆದರೆ ಅದಕ್ಕೆ ಅಡುಗೆ ಗ್ಯಾಸ್ ಬೆರೆಸುವುದಾ? ಮೂವತ್ತೈದು ವರ್ಷದ ಕಸುಬು ನನ್ನದು. ಮಿಸ್ತ್ರಿಗಳು ಸಾಯ್ತಾರೆ ಅಂತ ನನಗೆ ಗೊತ್ತಿಲ್ವಾ?"

"ತುಂಬುವ ಕೆಲಸ ಯಾರದು?"

ಅವನು ಅವಳ ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟ.

"ಯಾರದು ರಮಾನಾಥಣ್ಣ?"

"ಪ್ರೀತಮನದು," ಎಂದ. "ಶೆಡ್ಡಿನ ಚಾವಿ ಅವನ ಹತ್ತಿರವೇ. ಎರಡು ವರ್ಷದಿಂದ ನಾನು ಆ ಕಡೆ ಕಾಲಿಟ್ಟಿಲ್ಲ, ಮಂಡಿ ನೋವು." ಮತ್ತೆ ತಾನೇ ಸಮಾಧಾನ ಹೇಳಿಕೊಳ್ಳುವವನ ಹಾಗೆ, "ಅವನು ಅಂಥವನಲ್ಲ. ಮಗಳ ಗಂಡ," ಎಂದ.

"ಆ ಅಂಥವನಲ್ಲದವನೇ ಸುಕೇಶನ ಬಾಯಿ ಮುಚ್ಚಿಸಿದ್ದು. ಈಗ ಏಳಿ. ನನ್ನ ಜೊತೆ ಠಾಣೆಗೆ ಬನ್ನಿ. ಈಶ್ವರ ತಪ್ಪಿತಸ್ಥ ಅಲ್ಲ ಅಂತ ನಿಮ್ಮ ಬಾಯಿಂದಲೇ ಹೇಳಬೇಕು."

"ಠಾಣೆಗಾ? ಬಳಗದಲ್ಲಿ ನನ್ನ ಮಾನ..."

"ನಿಮ್ಮ ಮಾನ ಮಣ್ಣು ಮುಕ್ಕಲಿ! ಅಲ್ಲಿ ಒಬ್ಬ ಸುಟ್ಟ ಮೈಯಲ್ಲಿ ಮಲಗಿದ್ದಾನೆ. ನಾಳೆ ಎದ್ದರೆ ಜೈಲು. ಅವನ ಹೆಂಡತಿ ರೊಟ್ಟಿ ಬಡಿದು ಬದುಕುವವಳು. ಅವಳ ಕಣ್ಣೀರು ನಿಮ್ಮ ಮೊಮ್ಮಕ್ಕಳಿಗೆ ತಟ್ಟದೆ ಇದ್ದೀತಾ?"

ಮೊಮ್ಮಕ್ಕಳ ಮಾತು ನಾಟಿತು. ರಮಾನಾಥ ಮುಖ ಒರೆಸಿಕೊಂಡ.

"ನಾನು ರಾಕ್ಷಸ ಅಲ್ಲ ತಂಗಿ," ಎಂದ. "ಈಶ್ವರನಿಗೆ ಹೀಗಾಯ್ತು ಅಂತ ಕೇಳಿ ನನಗೂ ನಿದ್ದೆ ಬಂದಿಲ್ಲ. ಬೇಕಾದರೆ ಆ ಶಿವಕುಮಾರಿಯನ್ನೇ ಕೇಳು. ಸುಟ್ಟ ಗಾಯಕ್ಕೆ ಸೆಕೆ ಆಗಬಾರದು ಅಂತ ನರ್ಸಿಂಗ್ ಹೋಮಿನಲ್ಲಿ ಅವನ ಕೋಣೆಯ ಏಸಿ ರಿಪೇರಿ ಮಾಡಿಸಿ ಕೊಟ್ಟವನು ಯಾರು? ನಾನು. ನಿನ್ನೆ ನಮ್ಮವರೇ ಹೋಗಿ ಫ್ರೀಯಾಗಿ ಗ್ಯಾಸ್ ತುಂಬಿ ಬಂದಿದ್ದಾರೆ."

ವಿನೋದಿನಿ ಮೇಜಿನ ಮೇಲಿನ ಮೊಬೈಲನ್ನು ಕೈಗೆತ್ತಿಕೊಂಡಳು.

"ಯಾವ ಸಿಲಿಂಡರಿನಿಂದ?" ಎಂದಳು ವಿನೋದಿನಿ.

ರಮಾನಾಥ ಕುರ್ಚಿಯಿಂದ ಎದ್ದ.

"ದೊಡ್ಡ ಪ್ಲಾಂಟಿನ ಹಾಗೆ ಕೋಣೆಯ ಏಸಿಗೆ ಒನ್ ಥರ್ಟಿಫೋರ್ ಹಾಕುವುದಿಲ್ಲ," ಎಂದು ತೊದಲಿದ. "ಅದಕ್ಕೆ ಬೇರೆ ಗ್ಯಾಸು, ಬೇರೆ ಡಬ್ಬ..."

"ಆ ಬೇರೆ ಡಬ್ಬ ತುಂಬಿದವನು ಯಾರು?"

ಅವನು ಪ್ರೀತಮನಿಗೆ ಫೋನು ಹಚ್ಚಿದ. ಸ್ವಿಚ್ ಆಫ್. ಶೆಡ್ಡಿಗೆ ಹಚ್ಚಿದ. ಯಾರೋ ಎತ್ತಿಕೊಂಡರು. ನಿನ್ನೆ ಸಯನ್‌ಗೆ ಹೋದ ಡಬ್ಬ ಯಾವುದು ಎಂದು ಇವನು ಹಿಂದಿಯಲ್ಲಿ ಕೂಗಿದ. ಆ ಕಡೆಯ ಉತ್ತರ ವಿನೋದಿನಿಗೂ ಕೇಳಿಸಿತು. ಪ್ರೀತಮ್ ಸರ್ ಸ್ವತಃ ತುಂಬಿಸಿ ಕಳಿಸಿದ್ದು ಸೇಟ್, ಹಿಂದಿನ ಶೆಡ್ಡಿನಿಂದ. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ.

ವಿನೋದಿನಿ ಅಷ್ಟರಲ್ಲಿ ಶಿವಕುಮಾರಿಯ ನಂಬರು ಒತ್ತಿಯಾಗಿತ್ತು. ಒಂದು ರಿಂಗು. ಎರಡು. ಎತ್ತಿಕೊಂಡಳು.

"ಶಿವಕುಮಾರಿ, ಕೋಣೆಯ ಏಸಿ ನಡೀತಾ ಇದೆಯಾ?"

"ಇಲ್ರಿ ಅಕ್ಕಾರ, ನಿನ್ನಿ ತುಂಬಿದ್ದು ಮುಂಜಾನಿಗೇ ತಣ್ಣಗಾಗೂದು ನಿಂತದ," ಎಂದಳು ಶಿವಕುಮಾರಿ. ಅವಳ ದನಿಯಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ನಿರಾಳವಿತ್ತು. "ಒಳಗ ಪೈಪ್ ತೂತಾಗ್ಯದಂತ. ಸೇಟ್ರ ಅಳಿಯಂದ್ರು ಮತ್ತ ಮಿಸ್ತ್ರಿ ಕಳಿಸ್ಯಾರ. ನಾ ಮೊದ್ಲ ಅಂಜಿದ್ದೆ, ಏಸಿ ಗ್ಯಾಸ್ ಬ್ಯಾರೆ, ಅದಕ್ಕ ಬೆಂಕಿ ಹತ್ತಂಗಿಲ್ಲ ಅಂದಾನ. ಇಲ್ಲೇ ಬೆಸೀತಾನಂತ. ಇವ್ರು ಮಲಗ್ಯಾರ, ಎಬ್ಬಸಬ್ಯಾಡ್ರಿ ಅಂದೀನಿ. ಇಡ್ತೀನ್ರಿ ಅಕ್ಕಾರ, ಕಿಟಕಿ ಹಾಕ್ರಿ ಅನ್ಲಿಕತ್ತಾನ. ಗಾಳಿಗಿ ಟಾರ್ಚಿನ ಬೆಂಕಿ ನಿಲ್ವಲ್ದಂತ."

"ಹಾಕಬೇಡ! ಶಿವಕುಮಾರಿ, ಅವನನ್ನು ಹೊರಗೆ..."

ಫೋನು ಆಗಲೇ ಕಟ್ಟಾಗಿತ್ತು. ವಿನೋದಿನಿ ಮತ್ತೆ ಹಚ್ಚಿದಳು. ರಿಂಗು ಹೋಗುತ್ತಿತ್ತು, ಹೋಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.